ಸಾಯಬಣ್ಣ ಆರಿಸಿಕೊಂಡ ಬೂದು ವಿಮಾನ

ಮೊದಲ ಸಲ ಪಲ್ಟಿ ಹೊಡೆಸುವುದಕ್ಕೆ ಯಾವ ವಿಮಾನ ಒಳ್ಳೆಯದು ಎಂದು ಕೇಳಿಕೊಂಡು ಬಂದವರಿಗೆಲ್ಲ ಹನ್ನೊಂದು ವರ್ಷ ಉತ್ತರ ಕೊಟ್ಟವನು ನಾನು. ಬಾಂದ್ರಾ ಸ್ಟೇಶನ್ನಿಗೆ ಹತ್ತಿರದಲ್ಲಿದ್ದ ನಮ್ಮ ಅಂಗಡಿಯಲ್ಲಿ ಮಾದರಿ ವಿಮಾನಗಳ ಸಾಮಾನು ಮಾರುತ್ತಿದ್ದೆವು. ಬಾಲ್ಸಾ ಎಂಬ ಬೆಂಡಿನಂಥ ಹಗುರ ಮರ, ಬೆಂಕಿಪೊಟ್ಟಣದಷ್ಟು ಎಂಜಿನ್ನು, ನೆಲದ ಮೇಲೆ ನಿಂತವನ ಕೈಗೊಂದು ರೇಡಿಯೋ ಪೆಟ್ಟಿಗೆ, ಅದರ ಮೇಲೆ ಎರಡು ಕಡ್ಡಿ. ಕಡ್ಡಿ ಸರಿಸಿದರೆ ಆಕಾಶದಲ್ಲಿರುವ ವಿಮಾನ ಹೊರಳುತ್ತದೆ, ಏಳುತ್ತದೆ, ಇಳಿಯುತ್ತದೆ. ಇದನ್ನೆಲ್ಲ ನಾನು ಪರದೇಶದ ಕ್ಯಾಟಲಾಗುಗಳನ್ನು ಓದಿ ತಿಳಿದುಕೊಂಡಿದ್ದೆ. ಒಂದನ್ನಾದರೂ ಸ್ವತಃ ಹಾರಿಸಿದವನಲ್ಲ. ಆದರೂ ಗಿರಾಕಿ ಬಾಯಿ ತೆರೆಯುವ ಮೊದಲೇ ನನ್ನ ಸಲಹೆ ಸಿದ್ಧವಾಗಿರುತ್ತಿತ್ತು. ಅಂಥ ಒಂದು ಸಲಹೆಯಿಂದ ಸಾಯಬಣ್ಣ ಎಂಬ ಬಡಗಿಗೆ ಆದ ಅನ್ಯಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಾಯಬಣ್ಣ ಹೋದ ಮಳೆಗಾಲದಲ್ಲಿ ಕಾಮಾಲೆಯಾಗಿ ತೀರಿಕೊಂಡ. ವಯಸ್ಸು ನಲವತ್ತೈದೋ ನಲವತ್ತಾರೋ, ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ. ಪತ್ರಿಕೆಯಲ್ಲಿ ಒಂದು ಸಾಲೂ ಬರಲಿಲ್ಲ, ಬರುವ ಮನುಷ್ಯನೂ ಅಲ್ಲ. ಆದರೆ ಗೋರೆಗಾಂವಿನ ಬಯಲಿನಲ್ಲಿ ವಿಮಾನ ಹಾರಿಸುತ್ತಿದ್ದ ಕೆಲವರು ಅವನನ್ನು ಈಗಲೂ ಹೆದರಿಕೊಂಡ ಮಿಸ್ತ್ರಿ ಎಂದು ನೆನೆಯುತ್ತಾರಂತೆ. ಅದನ್ನು ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ.

ಅವನು ಸಿಂದಗಿ ಕಡೆಯವನು. ಮೀಸೆ ಮೂಡುವ ಮೊದಲಿನಿಂದ ಬೇರೆಯವರ ಹೊಲದಲ್ಲಿ ನೇಗಿಲು ಹೊಡೆದು, ಅರವತ್ತೊಂದರಲ್ಲಿ ಹೆಂಡತಿ ಮಲ್ಲಕ್ಕನ ಜೊತೆ ಮುಂಬಯಿಗೆ ಬಂದ. ಗಂಡ ಹೆಂಡತಿ ಇಬ್ಬರೂ ವಿಮಾನ ನಿಲ್ದಾಣದ ಹತ್ತಿರ ಕಟ್ಟಡದ ಕೆಲಸಕ್ಕೆ ನಿಂತರು. ಅವಳು ಸಿಮೆಂಟಿನ ಪುಟ್ಟಿ ಹೊತ್ತಳು, ಇವನು ಸ್ಲ್ಯಾಬಿಗೆ ಹಲಗೆ ಬಡಿಯುವವರ ಕೈಕೆಳಗೆ ಸೇರಿ ಬಡಗಿತನ ಕಲಿತ. ವಿಲೆ ಪಾರ್ಲೆಯ ಪೂರ್ವ ಬದಿಯಲ್ಲಿ, ನಿಲ್ದಾಣದ ಗೋಡೆಗೆ ಆತುಕೊಂಡಂತೆ ಅವರದೊಂದು ಜೋಪಡಿ ಇತ್ತು. ದೊಡ್ಡ ವಿಮಾನಗಳು ಅದರ ತಗಡಿನ ಮೇಲೆ ಹಾದುಹೋಗುವಾಗ ಮಾತು ನಿಲ್ಲಿಸಿ, ಸದ್ದು ಅಡಗಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುವುದು ಇಬ್ಬರಿಗೂ ಅಭ್ಯಾಸವಾಗಿಬಿಟ್ಟಿತ್ತು.

ಅರವತ್ತೆಂಟರಲ್ಲಿ ಅಂಗಡಿಗೆ ಶೆಲ್ಫು ಹೊಡೆಯಲು ಅವನು ಬಂದ. ನಾನು ಉಡುಪಿ ಕಡೆಯವನು. ನಮ್ಮಲ್ಲಿ ಎಡ ಬಲ ಎನ್ನುವವರು ಕಡಿಮೆ. ಅಡಿಗೆ ಮನೆಯ ಕಪಾಟಿನಲ್ಲಿ ಚಹಾದ ಡಬ್ಬಿ ಎಲ್ಲಿದೆ ಎಂದರೂ ಸಕ್ಕರೆ ಡಬ್ಬಿಯ ಬಡಗು ಬದಿಗೆ ಎನ್ನುವ ಜನ ನಾವು. ಮೂಡು, ಪಡು, ತೆಂಕು, ಬಡಗು, ಅಂದರೆ ಪೂರ್ವ, ಪಶ್ಚಿಮ, ದಕ್ಷಿಣ, ಉತ್ತರ, ಈ ನಾಲ್ಕರಲ್ಲೇ ನಮ್ಮ ಲೋಕ ಮುಗಿಯುತ್ತದೆ. ಹಾಗಾಗಿ ಶೆಲ್ಫಿನ ಹಲಗೆಯನ್ನು ಸ್ವಲ್ಪ ಪಡುವಿಗೆ ಸರಿಸಿ ಎಂದೆ. ಅವನು ಮೊಳೆ ಬಾಯಲ್ಲಿ ಕಚ್ಚಿಕೊಂಡು ನನ್ನನ್ನೇ ನೋಡಿದ. ಸಮುದ್ರದ ಬದಿ ಎಂದು ತಿಳಿಸಿ ಹೇಳಿದೆ. ಅವತ್ತು ಸಂಜೆಯ ಹೊತ್ತಿಗೆ ಅವನಿಗೆ ನನ್ನ ನಾಲ್ಕು ದಿಕ್ಕುಗಳೂ ರೂಢಿಯಾದವು, ಮುಂದೆ ನನ್ನ ಜೊತೆ ಮಾತಾಡುವಾಗ ಅವನೂ ಪಡು ಎಂದೇ ಹೇಳುತ್ತಿದ್ದ. ನನಗೆ ಅದರಿಂದ ಹೆಮ್ಮೆಯಾಗಿತ್ತು ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಶೆಲ್ಫಿನ ಕೆಳಗೆ ಯಾರೋ ಬಿಟ್ಟುಹೋದ ಮುರಿದ ರೆಕ್ಕೆ ಬಿದ್ದಿತ್ತು. ಕೆಲಸ ಮುಗಿಸಿ ಅವನು ಅದನ್ನು ಎತ್ತಿಕೊಂಡು ಅಂಗೈಯಲ್ಲಿ ತೂಗಿದ, ಮೂಗಿನ ಹತ್ತಿರ ಹಿಡಿದ, ಮನೆಗೆ ಒಯ್ಯಲೇ ಎಂದು ಕೇಳಿದ. ಮೂರನೆಯ ದಿನ ತಂದುಕೊಟ್ಟಾಗ ಎಲ್ಲಿ ಮುರಿದಿತ್ತೆಂದು ನನಗೆ ಹುಡುಕಲಾಗಲಿಲ್ಲ. ಮುರಿದ ಎರಡೂ ಬಾಯಿಗಳನ್ನು ಓರೆಯಾಗಿ ಸವರಿ ಒಂದರ ಮೇಲೊಂದು ಕೂರಿಸಿದ್ದ. ಮೇಲೊಂದು ಪಟ್ಟಿ ಅಂಟಿಸಿದ್ದರೆ ಸುಲಭವಾಗುತ್ತಿತ್ತಲ್ಲ ಎಂದೆ.

"ಮುರದಲ್ಲೇ ಕೂಡಿಸಬೇಕ್ರಿ ರಾಯರ," ಎಂದ ಅವನು. "ಬ್ಯಾರೆ ಕಡೆ ಪಟ್ಟಿ ಹಚ್ಚಿದ್ರ ಮುರದದ್ದು ಒಳಗ ಹಂಗ ಉಳೀತದ."

ಅಂದಿನಿಂದ ಗೋರೆಗಾಂವಿನ ಬಯಲಿನಲ್ಲಿ ಬಿದ್ದ ವಿಮಾನಗಳೆಲ್ಲ ಅಂಗಡಿಯ ಮೂಲಕ ಅವನ ಜೋಪಡಿಗೆ ಹೋಗತೊಡಗಿದವು. ಇಲಿಗಳ ಕಾಟಕ್ಕೆ ರೆಕ್ಕೆಗಳನ್ನು ತೊಲೆಗೆ ತೂಗುಹಾಕುತ್ತಿದ್ದ. ಅಂಟು ಮತ್ತು ಬಣ್ಣದ ವಾಸನೆಗೆ ಬೆಂಕಿ ತಗಲಿದರೆ ಮನೆಯೇ ಹೋದೀತೆಂದು ಮಲ್ಲಕ್ಕ ಒಲೆಯನ್ನು ಹೊರಗೆ ಇಟ್ಟು, ಮಳೆ ಬಂದರೂ ಗೋಣಿಚೀಲದ ಮರೆಯಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಅವಳು ಅದಕ್ಕಾಗಿ ಒಂದು ದಿನವೂ ಗೊಣಗಿದ್ದನ್ನು ನಾನು ಕೇಳಲಿಲ್ಲ. ಈ ಎಂಜಿನ್ನುಗಳಿಗೆ ಹಾಕುವ ಎಣ್ಣೆಯಲ್ಲಿ ಔಡಲೆಣ್ಣೆ ಬೆರೆಸುತ್ತಾರೆ ಎಂದು ತಿಳಿದಾಗ ಮಾತ್ರ ಇಬ್ಬರೂ ಸೇರಿ ನಕ್ಕರು. ಅವರೂರಿನಲ್ಲಿ ಬಂಡಿಯ ಅಚ್ಚಿಗೆ ಹಾಕುತ್ತಿದ್ದುದು ಅದೇ ಎಣ್ಣೆ.

ಒಂದು ವಿಮಾನ ರಿಪೇರಿಗೆ ಬಂದರೆ ಸಾಯಬಣ್ಣನದು ಒಂದೇ ಪ್ರಶ್ನೆ. ಹಾರಿಸುವವನಿಂದ ದೂರ ಹೋಗುವಾಗ ಬಿತ್ತೋ, ಅವನ ಕಡೆಗೆ ಬರುವಾಗ ಬಿತ್ತೋ. ಬಿದ್ದದ್ದು ಬಿತ್ತು, ಅದನ್ನು ಕಟ್ಟಿಕೊಂಡು ನಿಮಗೇನಾಗಬೇಕು ಎಂದು ನಾನು ರೇಗುತ್ತಿದ್ದೆ. ಅವನು ಬಿಡುತ್ತಿರಲಿಲ್ಲ. ಹಾರಿಸಿದವರನ್ನು ಕೇಳಿಸಿ ಉತ್ತರ ತರಿಸಿಕೊಂಡ ಮೇಲೆಯೇ ಚಾಕು ಕೈಗೆ ತೆಗೆದುಕೊಳ್ಳುತ್ತಿದ್ದ. ಹೀಗೆ ನಾಲ್ಕೈದು ವರ್ಷವಾದ ಮೇಲೆ ಒಂದು ದಿನ ತಾನಾಗಿ ಹೇಳಿದ.

"ಹೋಗೂ ಮುಂದ ಬಿದ್ದದ್ದು ಹತ್ತರಾಗ ಒಂದೂ ಇಲ್ರಿ. ಎಲ್ಲಾ ಹೊಳ್ಳಿ ಬರೂ ಮುಂದ ಬೀಳ್ತಾವ."

ಕ್ಯಾಟಲಾಗಿನಲ್ಲಿ ಹಾಗೇನೂ ಬರೆದಿಲ್ಲ ಎಂದು ನಾನು ಆ ಮಾತನ್ನು ಅಲ್ಲಿಗೇ ಬಿಟ್ಟೆ.

ವಿಮಾನ ಹಾರಿಸುವವರಲ್ಲಿ ಭರೂಚಾ ಸಾಹೇಬರು ಹಿರಿಯರು. ಏರ್‌ಲೈನಿನಲ್ಲಿ ಎಂಜಿನಿಯರಾಗಿ ನಿವೃತ್ತರಾದ ಪಾರ್ಸಿ, ಒಂಟಿ ಜೀವ, ಮಾತು ಕಡಿಮೆ. ಅವರೊಬ್ಬರು ಮಾತ್ರ ಸಾಯಬಣ್ಣನನ್ನು ಬಯಲಿಗೆ ಕರೆದೊಯ್ಯುತ್ತಿದ್ದರು. ಗೋರೆಗಾಂವಿನ ಪಶ್ಚಿಮಕ್ಕೆ, ಸಮುದ್ರದ ನೀರು ಒಳನುಗ್ಗುವ ಖಾರಿಯ ಕೆಸರು ಒಣಗಿ ಗಟ್ಟಿಯಾದ ಆ ಬಯಲಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಎಂಜಿನ್ನು ಶುರುವಾಗುವಾಗ ಬಾಲ ಹಿಡಿದುಕೊಳ್ಳುವುದು, ಇಳಿದ ಮೇಲೆ ಎಣ್ಣೆ ಒರೆಸುವುದು ಇವನ ಕೆಲಸ. ಎಪ್ಪತ್ತೆರಡರ ಚಳಿಗಾಲದಲ್ಲಿ ಒಂದು ದಿನ ಸಾಹೇಬರು ಇದ್ದಕ್ಕಿದ್ದಂತೆ ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟರು. ಹೇಗಿತ್ತು ಎಂದು ನಾನು ಆಮೇಲೆ ಕೇಳಿದೆ.

"ನಾ ಕೂಡಿಸಿದ್ದನ್ನ ಮಂದಿ ಕೆಡವತಾರ್ರಿ," ಎಂದ ಅವನು. "ಒಮ್ಮೆ ನಾನೇ ಹಾರಿಸಿ, ಎಲ್ಲಾ ಪಲ್ಟಿ ಹೊಡಿಸಿ, ನಾನೇ ಇಳಿಸಬೇಕು ಅನಸ್ತದ."

ಆ ಆಸೆ ಅವನನ್ನು ಬಿಡಲಿಲ್ಲ. ಒಂದು ವರ್ಷ ಪ್ರತಿ ಭಾನುವಾರ ಸಾಹೇಬರ ಪಕ್ಕದಲ್ಲಿ ನಿಂತು, ಅವರ ಹಳದಿ ವಿಮಾನದಲ್ಲಿ ಏರುವುದು, ಸುತ್ತು ಹಾಕುವುದು, ಇಳಿಸುವುದನ್ನು ಕಲಿತ. ಅಷ್ಟರಲ್ಲಿ ಸಾಹೇಬರ ಕಣ್ಣು ಕೆಡುತ್ತ ಬಂತು. ಇದ್ದ ದೃಷ್ಟಿಯೂ ಒಂದೆರಡು ವರ್ಷದಲ್ಲಿ ಹೋಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟರು. ಎಪ್ಪತ್ತನಾಲ್ಕರ ಜನವರಿಯಲ್ಲಿ ಅವರು ನನ್ನನ್ನೂ ಸಾಯಬಣ್ಣನನ್ನೂ ಮನೆಗೆ ಕರೆಸಿ ತಮ್ಮ ಮೂರು ವಿಮಾನಗಳನ್ನು ಮಂಚದ ಮೇಲೆ ಸಾಲಾಗಿ ಇಟ್ಟರು. ಇದರಲ್ಲಿ ಒಂದನ್ನು ಪಲ್ಟಿಗೆಂದು ಆರಿಸಿಕೋ, ರೇಡಿಯೋ ಪೆಟ್ಟಿಗೆಯೂ ಅದರ ಜೊತೆಗೇ ನಿನ್ನದು ಎಂದರು. ಆದರೆ ರೇಡಿಯೋ ಇಟ್ಟುಕೊಳ್ಳಲು ಸರ್ಕಾರದ ಪರವಾನಗಿ ಬೇಕು. ಪರವಾನಗಿಗೆ ಆ ಬಯಲಿನಲ್ಲಿ ಹಾರಿಸುವವರದೇ ಒಂದು ಕ್ಲಬ್ಬಿನವರು ಸಹಿ ಹಾಕಬೇಕು. ಮೂವರು ಸದಸ್ಯರ ಎದುರಿಗೆ ಒಂದು ಸುತ್ತುಪಲ್ಟಿ, ಮಗ್ಗುಲಾಗಿ ಒಂದು ಉರುಳು, ಒಂದು ತಲೆಕೆಳಗಿನ ಓಟ ಮಾಡಿಸಿ ವಿಮಾನವನ್ನು ಇಡಿಯಾಗಿ ಇಳಿಸಿದರೆ ಮಾತ್ರ ಸಹಿ. ಅವಕಾಶ ಎರಡು. ಎರಡರಲ್ಲೂ ತಪ್ಪಿದರೆ ರೇಡಿಯೋ ಒಂದು ಕಾಲೇಜಿಗೆ ಹೋಗುವುದೆಂದು ಕ್ಲಬ್ಬಿನವರು ಮೊದಲೇ ತೀರ್ಮಾನಿಸಿದ್ದರು. ನನ್ನ ಕಣ್ಣಿರುವಾಗಲೇ ಹಾರಿಸಿ ತೋರಿಸು ಎಂದಷ್ಟೇ ಸಾಹೇಬರು ಕೇಳಿಕೊಂಡರು.

ಆ ಮೂರರಲ್ಲಿ ಹಳದಿಯದಕ್ಕೆ ರೆಕ್ಕೆ ಬೆನ್ನಿನ ಮೇಲೆ, ತೆರೆದ ಪುಸ್ತಕದ ಹಾಗೆ ಎರಡೂ ಬದಿಗೆ ಎತ್ತಿಕೊಂಡಿತ್ತು. ಅದು ಕಲಿಯುವವರ ವಿಮಾನ. ಎಷ್ಟೇ ಹೊರಳಿಸಿದರೂ ತಾನೇ ನೆಟ್ಟಗಾಗುತ್ತದೆ, ತಲೆಕೆಳಗಾಗಿ ನಿಲ್ಲುವುದೇ ಇಲ್ಲ. ಅದನ್ನು ಇಬ್ಬರೂ ಬಿಟ್ಟೆವು. ಉಳಿದವು ಕೆಂಪು ಮತ್ತು ಬೂದು. ಕೆಂಪಿನದು ಕಣ್ಣು ಕೀಳಲಾಗದಷ್ಟು ಚೆಂದ. ಉದ್ದ ಮೂತಿ, ಹೊಟ್ಟೆಯ ಕೆಳಗೆ ತೆಳ್ಳಗಿನ ರೆಕ್ಕೆ, ಕ್ಯಾಟಲಾಗಿನಲ್ಲಿ ಇಡೀ ಪುಟದ ಚಿತ್ರ ಅದರದ್ದು. ಬೂದು ಬಣ್ಣದ್ದು ಮೋಟು. ದಪ್ಪ ನೇರ ರೆಕ್ಕೆ, ಮೈಯ ನಡುವೆ ತೂರಿಸಿದ ಹಾಗೆ, ಮೇಲೆ ಹೇಗೋ ಕೆಳಗೂ ಹಾಗೇ. ಸಾಯಬಣ್ಣನ ಕೈ ಬೂದಿನ ಮೇಲೆಯೇ ಇತ್ತು. ಅದು ಸಾಹೇಬರ ಕೈಯಲ್ಲಿ ಒಂಬತ್ತು ಸಲ ಬಿದ್ದು, ಒಂಬತ್ತು ಸಲವೂ ಇವನ ಜೋಪಡಿಗೆ ಬಂದಿತ್ತು.

ನಾನು ಅವನನ್ನು ಪಕ್ಕಕ್ಕೆ ಕರೆದು ಹೇಳಬೇಕಾದ್ದೆಲ್ಲ ಹೇಳಿದೆ. ಕೆಂಪಿನದು ಪಂದ್ಯಗಳಲ್ಲಿ ಗೆದ್ದ ಜಾತಿ. ಈ ಮೋಟನ್ನು ಹಿಡಿದುಕೊಂಡು ನಿಂತರೆ ಸದಸ್ಯರು ಹಾರಿಸುವ ಮೊದಲೇ ನಗುತ್ತಾರೆ. ಮೊದಲನೆಯದೆಂದು ಕೀಳಾದದ್ದನ್ನು ಹಿಡಿದರೆ ಕೊನೆಯವರೆಗೂ ಕೀಳಾಗಿಯೇ ಉಳಿಯುತ್ತೀರಿ ಎಂದೂ ಸೇರಿಸಿದೆ. ಅವನು ಕೆಂಪಿನದರ ರೆಕ್ಕೆಯನ್ನು ಬೆರಳಿನಿಂದ ಮೀಟಿ ನೋಡಿದ. ಇದು ತಾಳ್ಮೆಯದಲ್ಲ ಎಂದು ಮೆಲ್ಲಗೆ ಅಂದ. ಆಮೇಲೆ, ನೀವು ಓದಿದವರು, ನೀವು ಹೇಳಿದ್ದೇ ಆಗಲಿ ಎಂದು ಒಪ್ಪಿಕೊಂಡ.

ಫೆಬ್ರವರಿಯಲ್ಲಿ ಪರೀಕ್ಷೆ ನಡೆಯಿತು. ಹಾರಿಸುವವನ ಪಕ್ಕದಲ್ಲಿ ಒಬ್ಬ ನಿಂತು ಗಾಳಿ ಹೇಗಿದೆ, ಮರ ಎಷ್ಟು ಹತ್ತಿರ ಎಂದು ಕೂಗಿ ಹೇಳುವ ಪದ್ಧತಿ ಇದೆ. ಆ ಜಾಗಕ್ಕೆ ನಾನು ನಿಂತೆ. ನಾವಿಬ್ಬರೂ ಬಡಗು ದಿಕ್ಕಿಗೆ ಮುಖ ಮಾಡಿದ್ದೆವು. ಪಡುವಿಗೆ ಖಾರಿ, ಮೂಡಿಗೆ ಜಾಲಿಯ ಮರಗಳು. ಕೆಂಪು ವಿಮಾನ ಏರಿತು, ದೂರದಲ್ಲಿ ಒಂದು ಸುತ್ತುಪಲ್ಟಿಯನ್ನು ದುಂಡಗೆ ಹೊಡೆಯಿತು. ಹಿಂದೆ ಕುರ್ಚಿಯಲ್ಲಿ ಕೂತಿದ್ದ ಭರೂಚಾ ಸಾಹೇಬರು ಚಪ್ಪಾಳೆ ತಟ್ಟಿದರು. ಅಲ್ಲಿಂದ ಅದು ನಮ್ಮ ಕಡೆಗೆ ತಿರುಗಿ ಬರತೊಡಗಿತು. ಬರುತ್ತ ಬರುತ್ತ ಜಾಲಿಯ ಮರಗಳ ಕಡೆ ಜಾರುತ್ತಿತ್ತು.

"ಪಡುವಿಗೆ ಸಾಯಬಣ್ಣ, ಪಡುವಿಗೆ ತಿರುಗಿಸಿ," ಎಂದು ಕೂಗಿದೆ.

ಪಡು ಅವನ ಎಡಗೈಯ ಬದಿಗಿತ್ತು. ಅವನು ಕಡ್ಡಿಯನ್ನು ಎಡಕ್ಕೆ ಒತ್ತಿದ. ಆದರೆ ವಿಮಾನದ ಮೂತಿ ನಮ್ಮ ಕಡೆಗಿತ್ತು, ಅದರ ಎಡ ಮೂಡಾಗಿತ್ತು. ಕಡ್ಡಿ ಹೇಳುವುದು ವಿಮಾನದ ಎಡವನ್ನು, ಭೂಮಿಯ ದಿಕ್ಕನ್ನಲ್ಲ. ಅದು ಮರಗಳ ಕಡೆಗೇ ಹೊರಳಿತು. ನಾನು ಇನ್ನೂ ಜೋರಾಗಿ ಪಡು ಎಂದೆ, ಅವನು ಇನ್ನೂ ಜೋರಾಗಿ ಎಡಕ್ಕೆ ಒತ್ತಿದ. ತಾಳ್ಮೆಯಿಲ್ಲದ ಆ ವಿಮಾನ ಎರಡನೆಯ ಯೋಚನೆಗೆ ಸಮಯ ಕೊಡಲಿಲ್ಲ, ಜಾಲಿಯ ಬುಡಕ್ಕೆ ಮೂತಿ ಹೊಡೆದು ಚೂರಾಯಿತು.

ಸಾಯಬಣ್ಣ ಚೂರುಗಳನ್ನು ಆರಿಸಲು ಓಡಿದ. ನಾನು ಸದಸ್ಯರ ಡೇರೆಯ ಹತ್ತಿರ ಹೋದೆ. ಏನಾಯಿತು ಎಂದು ನನಗೆ ಆಗಲೇ ಹೊಳೆದಿತ್ತು. ಶೆಲ್ಫು ಹೊಡೆದ ದಿನದಿಂದ ಅವನ ತಲೆಗೆ ನನ್ನ ದಿಕ್ಕುಗಳನ್ನು ತುಂಬಿದವನೂ ನಾನೇ, ಈ ಗಳಿಗೆಯಲ್ಲಿ ಕೂಗಿದವನೂ ನಾನೇ. ಕ್ಲಬ್ಬಿನ ಕಾರ್ಯದರ್ಶಿ, ಮಿಸ್ತ್ರಿ ಗಾಬರಿಯಾದನೋ ಎಂದು ಕೇಳಿದರು. ಅಲ್ಲ ಎಂದು ಹೇಳಲು ಒಂದು ಮಾತು ಸಾಕಿತ್ತು. ನಾನು ಹೌದೆಂದು ತಲೆ ಆಡಿಸಿದೆ. ಅವರು ಹಾಗೆಯೇ ಬರೆದುಕೊಂಡರು.

ಆಮೇಲಿನ ಭಾನುವಾರಗಳಲ್ಲಿ, ಇವತ್ತು ಗಾಬರಿ ಇಲ್ಲವಷ್ಟೇ ಮಿಸ್ತ್ರಿ ಎಂದು ಕೇಳುವುದು ಅವರಿಗೆಲ್ಲ ತಮಾಷೆಯಾಯಿತು. ಸಾಯಬಣ್ಣ ಎಣ್ಣೆ ಒರೆಸುತ್ತ, ಇಲ್ರಿ ಸಾಹೇಬ್ ಎನ್ನುತ್ತಿದ್ದ. ನನ್ನ ಮುಖ ನೋಡುತ್ತಿರಲಿಲ್ಲ. ನೋಡಿದ್ದರೆ ನನಗೆ ಸುಲಭವಾಗುತ್ತಿತ್ತೋ ಏನೋ. ಮಳೆಗಾಲ ಬಂತು, ಬಯಲು ಕೆಸರಾಯಿತು, ನಾನು ಮಾತಾಡಲಿಲ್ಲ.

ಮಳೆ ನಿಂತ ಮೇಲೆ ಅವನು ಅಂಗಡಿಗೆ ಬಂದು ಎರಡನೆಯ ಸಲಕ್ಕೆ ಸಾಹೇಬರನ್ನು ಕೇಳಿ ಬೂದು ವಿಮಾನವನ್ನು ಆರಿಸಿಕೊಂಡಿದ್ದೇನೆ ಎಂದ. ಸಲಹೆ ಕೇಳಲು ಬಂದದ್ದಲ್ಲ, ತಿಳಿಸಲು ಬಂದದ್ದು. ಯಾಕೆ ಅದೇ ಎಂದು ಕೇಳಿದೆ. ಈ ಸಲ ಕೇಳುವ ದನಿಯಲ್ಲೇ ಕೇಳಿದೆ.

"ಅದು ಎಲ್ಲೆಲ್ಲಿ ಮುರೀತದ ನನಗ ಗೊತ್ತದ," ಎಂದ. "ಹೇಳಿದಷ್ಟು ಮಾಡತದ, ಹೇಳದ್ದು ಮಾಡಂಗಿಲ್ಲ. ತಪ್ಪು ಮಾಡಿದ್ರ ತಿದ್ದಾಕ ಒಂದೀಟು ಹೊತ್ತು ಕೊಡತದ. ಮದಲನೇದ್ದಕ್ಕ ಅಷ್ಟು ಸಾಕ್ರಿ."

ಹನ್ನೊಂದು ವರ್ಷದಲ್ಲಿ ನಾನು ಗಿರಾಕಿಗಳಿಗೆ ಹೇಳಿದ್ದೆಲ್ಲ ಸೇರಿದರೂ ಆ ಮೂರು ಮಾತಿಗೆ ಸಮವಾಗುವುದಿಲ್ಲ. ಪಕ್ಕದಲ್ಲಿ ಕೂಗಿ ಹೇಳಲು ಬೇರೆ ಯಾರನ್ನಾದರೂ ನಿಲ್ಲಿಸಿಕೊಳ್ಳಿ ಎಂದೆ. ಅವನು ಒಪ್ಪಲಿಲ್ಲ, ನೀವೇ ನಿಲ್ಲಬೇಕು ಎಂದ. ಆದರೆ ಅದಕ್ಕೆ ಮೊದಲು ಒಂದು ಸಂಜೆ ಜೋಪಡಿಯ ಕಡೆ ಬಂದು ಹೋಗಿ ಎಂದ.

ಹೋದೆ. ನಿಲ್ದಾಣದ ಗೋಡೆಯ ಪಕ್ಕದ ಖಾಲಿ ಜಾಗದಲ್ಲಿ ಮಲ್ಲಕ್ಕ ಬೂದು ವಿಮಾನವನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದಳು. ಅದರ ಎಡ ರೆಕ್ಕೆಯ ತುದಿಗೆ ಹುರಮಂಜಿನ ಕೆಂಪು, ಬಲ ರೆಕ್ಕೆಯ ತುದಿಗೆ ಸುಣ್ಣದ ಬಿಳಿ. ಕಾರಹುಣ್ಣಿಮೆಯಲ್ಲಿ ಎತ್ತಿನ ಕೊಂಬಿಗೆ ಬಳಿಯುವ ಹಾಗೆ ಬಳಿದಿದ್ದ. ಸಾಯಬಣ್ಣ ಎದುರಿಗೆ ರೇಡಿಯೋ ಪೆಟ್ಟಿಗೆ ಹಿಡಿದು ನಿಂತಿದ್ದ, ಪೆಟ್ಟಿಗೆಯ ಸ್ವಿಚ್ಚು ಹಾಕಿರಲಿಲ್ಲ. ಅವಳು ಅವನ ಕಡೆಗೆ ನಡೆದು ಬಂದಳು, ಬರುತ್ತ ಬೇಕೆಂದೇ ಒಂದು ರೆಕ್ಕೆಯನ್ನು ಬಗ್ಗಿಸಿದಳು. ಇವನು ಕಡ್ಡಿ ಸರಿಸಿದ. ಸರಿಯಾಗಿ ಸರಿಸಿದರೆ ಅವಳು ರೆಕ್ಕೆ ಎತ್ತುತ್ತಿದ್ದಳು, ತಪ್ಪಿದರೆ ಇನ್ನಷ್ಟು ಬಗ್ಗಿಸಿ ನೆಲಕ್ಕೆ ಮುಟ್ಟಿಸುತ್ತಿದ್ದಳು. ಅವನ ಕೈ ಎತ್ತ ಹೋಯಿತೆಂದು ಅವಳಿಗೆ ಅಷ್ಟು ದೂರದಿಂದಲೂ ತಿಳಿಯುತ್ತಿತ್ತು. ಆ ಮಳೆಗಾಲವಿಡೀ ಕೆಲಸ ಮುಗಿಸಿ ಬಂದ ಮೇಲೆ ಅವರು ಮಾಡಿದ್ದು ಇದೇ. ಹಗಲೆಲ್ಲ ಪುಟ್ಟಿ ಹೊತ್ತ ತಲೆಗೆ ಇದೊಂದು ಭಾರವೇ ಎಂದು ಕೇಳಿದೆ. ಪುಟ್ಟಿಗಿಂತ ಬಹಳ ಹಗುರ, ಅದಕ್ಕೇ ಹೆದರಿಕೆ ಎಂದಳು ಅವಳು.

ಸಾಯಬಣ್ಣ ಪೆಟ್ಟಿಗೆ ಕೆಳಗಿಟ್ಟು ನನ್ನ ಹತ್ತಿರ ಬಂದ. ಹೋಗುವಾಗ ಬೀಳದ್ದು ಬರುವಾಗ ಯಾಕೆ ಬೀಳುತ್ತದೆಂದು ಅವನಿಗೆ ಈಗ ಗೊತ್ತಾಗಿತ್ತು. ಅದನ್ನು ತನ್ನ ಹಳೆಯ ಕಸುಬಿನ ಮಾತಿನಲ್ಲೇ ಹೇಳಿದ. ನೊಗದ ಎಡಕ್ಕೆ ಕಟ್ಟಿದ ಎತ್ತು ಎಡಗೋಲು, ಬಲಕ್ಕೆ ಕಟ್ಟಿದ್ದು ಬಲಗೋಲು.

"ಎತ್ತು ಹೊಳ್ಳಿ ನಿಮ್ಮ ಮಾರಿ ಕಡೆ ಬಂತಂದ್ರ ಎಡಗೋಲು ಬಲಗೋಲು ಆಗತದೇನ್ರಿ?" ಎಂದು ಕೇಳಿದ. "ಆಗಂಗಿಲ್ಲ. ಯಾವ ಕಡೆ ತಿರುಗಿದ್ರೂ ಎಡಗೋಲು ಎಡಗೋಲೇ."

ಮೂಡು ಪಡು ನನಗೆ ಹೇಳಬೇಡಿ, ಯಾವ ರೆಕ್ಕೆ ಜೋಲುತ್ತಿದೆಯೋ ಅದರ ಹೆಸರಷ್ಟೇ ಕೂಗಿ, ಹಿಂದೆ ಬಿದ್ದ ಎತ್ತನ್ನು ಎಬ್ಬಿಸುವುದು ನನಗೆ ಗೊತ್ತು ಎಂದ. ಆ ಸಂಜೆ ಮಲ್ಲಕ್ಕ ವಿಮಾನ ಹೊತ್ತು ಅತ್ತಿಂದಿತ್ತ ನಡೆದಳು, ನಾನು ಗೋಡೆಗೆ ಒರಗಿ ನಿಂತು ಎಡಗೋಲು ಬಲಗೋಲು ಎಂದು ಒಪ್ಪಿಸಿದೆ. ನಲವತ್ತು ವರ್ಷ ನಾಲ್ಕು ದಿಕ್ಕಿನಲ್ಲಿ ಬದುಕಿದವನಿಗೆ ಅದು ಸುಲಭವಾಗಲಿಲ್ಲ, ಅವಳು ಎರಡು ಸಲ ನಕ್ಕಳು.

ಡಿಸೆಂಬರಿನಲ್ಲಿ ಎರಡನೆಯ ಪರೀಕ್ಷೆ. ಭರೂಚಾ ಸಾಹೇಬರನ್ನು ಕೈ ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಬೇಕಾಯಿತು. ಬೆಳಕು ಇದೆ ಎಂದು ತಿಳಿಯುತ್ತಿತ್ತಂತೆ, ಬೇರೇನೂ ಕಾಣುತ್ತಿರಲಿಲ್ಲ. ಕಣ್ಣಿರುವಾಗ ತೋರಿಸು ಎಂದಿದ್ದರು. ನನ್ನ ಸಲಹೆಯಿಂದ ಕಳೆದುಹೋದ ಹತ್ತು ತಿಂಗಳಲ್ಲಿ ಆ ಕಣ್ಣು ಹೋಗಿತ್ತು. ಸಾಯಬಣ್ಣ ಬೂದು ವಿಮಾನವನ್ನು ಒಯ್ದು ಅವರ ತೊಡೆಯ ಮೇಲೆ ಇಟ್ಟ. ಅವರು ರೆಕ್ಕೆಯ ಮೇಲೆ ಕೈಯಾಡಿಸಿ ತಾವೇ ಕೆಡವಿದ ಜಾಗಗಳನ್ನು ಹುಡುಕಿದರು. ಒಂದೂ ಬೆರಳಿಗೆ ಸಿಗಲಿಲ್ಲ, ತಲೆಯಾಡಿಸಿ ವಾಪಸು ಕೊಟ್ಟರು.

ವಿಮಾನ ಏರಿತು. ಕೆಂಪಿನದರ ಹಾಗೆ ಸೀಳಿಕೊಂಡು ಹೋಗುವುದಲ್ಲ, ಗಟ್ಟಿಯಾಗಿ ಹೆಜ್ಜೆ ಇಟ್ಟು ಹೋಗುವಂತೆ ಹೋಯಿತು. ಸುತ್ತುಪಲ್ಟಿಗೆ ಮೇಲೇರುವಾಗ ಎಂಜಿನ್ನಿನ ಸದ್ದು ಬಿಗಿಯಾಗಿ, ನೆತ್ತಿಯಲ್ಲಿ ಸಡಿಲಾಗಿ, ಇಳಿಯುವಾಗ ಜೋರಾಯಿತು. ಸಾಹೇಬರು ಮುಖವೆತ್ತಿ ಆ ಸದ್ದಿನ ಜೊತೆಗೆ ಗಾಳಿಯಲ್ಲಿ ಬೆರಳಿನಿಂದ ಒಂದು ಸುತ್ತು ಬರೆದರು. ಉರುಳು ಆಯಿತು, ತಲೆಕೆಳಗಿನ ಓಟ ಆಯಿತು. ಕೆಂಪು ತುದಿ ಬಿಳಿ ತುದಿ ಎರಡೂ ಬಿಸಿಲಿನಲ್ಲಿ ಬೇರೆಬೇರೆಯಾಗಿ ಕಾಣುತ್ತಿದ್ದವು. ಇನ್ನು ಉಳಿದದ್ದು ಹೊರಳಿ ಬಂದು ಇಳಿಯುವುದೊಂದೇ.

ನಮ್ಮ ಕಡೆಗೆ ಮೂತಿ ಮಾಡಿ ತಗ್ಗಿ ಬರುವಾಗ ಅಡ್ಡಗಾಳಿ ಬೀಸಿತು. ಕೆಂಪು ತುದಿ ಬಗ್ಗಿತು. ನನ್ನ ಬಾಯಿಗೆ ಬಂದದ್ದು ಹಳೆಯ ಮಾತೇ. ಅದನ್ನು ನುಂಗಿಕೊಂಡು, ಮಲ್ಲಕ್ಕನನ್ನು ನೆನೆದು, ಎಡಗೋಲು ಎಂದೆ. ಸಾಯಬಣ್ಣನ ಹೆಬ್ಬೆರಳು ಸ್ವಲ್ಪ ಬಲಕ್ಕೆ ಸರಿಯಿತು. ಕೆಂಪು ತುದಿ ಎದ್ದು ನಿಂತಿತು. ವಿಮಾನ ನಮ್ಮನ್ನು ದಾಟಿ ಇಪ್ಪತ್ತು ಹೆಜ್ಜೆ ಆಚೆಗೆ ನೆಲ ಮುಟ್ಟಿ, ಕುಲುಕಾಡುತ್ತ ಓಡಿ ನಿಂತಿತು.

ಸದಸ್ಯರು ಎದ್ದು ಬಂದು ಅವನ ಕೈ ಕುಲುಕಿದರು, ಸಹಿ ಹಾಕುತ್ತೇವೆ ಎಂದ ಕಾರ್ಯದರ್ಶಿ, ಈ ಸಲ ಗಾಬರಿಯಾಗಲಿಲ್ಲವಲ್ಲ ಎಂದು ಬೆನ್ನು ತಟ್ಟಿದರು. ಅವರು ಡೇರೆಗೆ ಚಹಾ ಕುಡಿಯಲು ಹೋದ ಮೇಲೆ ಸಾಯಬಣ್ಣ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ವಿಮಾನಕ್ಕೆ ಹತ್ತಿದ ಎಣ್ಣೆ ಒರೆಸತೊಡಗಿದ. ನಾನು ಅವನ ಎದುರಿಗೆ ನಿಂತೆ. ಆ ದಿನದ ತಪ್ಪು ನನ್ನದು, ಅವರು ಕೇಳಿದಾಗ ನಿಮ್ಮ ಮೇಲೆ ಹೊರಿಸಿದ್ದೂ ನಾನೇ ಎಂದು ಹೇಳಿದೆ. ಅವನು ಬಟ್ಟೆಯನ್ನು ಮಡಚಿ ಒಣ ಬದಿ ಹುಡುಕಿಕೊಂಡ.

"ನನಗ್ಯಾಕ ಹೇಳ್ತೀರಿ ರಾಯರ," ಎಂದ. ಮತ್ತೆ ಗದ್ದದಿಂದ ಡೇರೆಯ ಕಡೆ ತೋರಿಸಿದ. "ಮುರದದ್ದು ಅಲ್ಲಿ."

ಡೇರೆ ಐವತ್ತು ಹೆಜ್ಜೆ ದೂರವಿತ್ತು. ನಾನು ನಡೆದು ಹೋದೆ. ಮೂವರು ಸದಸ್ಯರೂ ಸಾಹೇಬರೂ ಕೂತಿದ್ದಲ್ಲಿ ನಿಂತು, ಮಿಸ್ತ್ರಿ ಗಾಬರಿಯಾಗಿರಲಿಲ್ಲ, ನಾನು ತಪ್ಪು ಕೂಗಿದ್ದೆ, ಆಮೇಲೆ ಸುಳ್ಳಿಗೆ ತಲೆ ಆಡಿಸಿದ್ದೆ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಪಡು ಎಂದರೇನು, ನಮ್ಮೂರಿನಲ್ಲಿ ಚಹಾದ ಡಬ್ಬಿಗೂ ದಿಕ್ಕಿದೆ ಎಂಬುದನ್ನೆಲ್ಲ ವಿವರಿಸಿದೆ. ಯಾರೂ ನಗಲಿಲ್ಲ. ಕಾರ್ಯದರ್ಶಿ ಚಹಾ ಕದಡುತ್ತ, ಹಳೆಯ ಮಾತು ಬಿಡಿ ಎಂದರು. ಭರೂಚಾ ಸಾಹೇಬರು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

"ಪಹಲೇ ದಿನ್ ಬೋಲನಾ ಥಾ," ಎಂದರು. ಮೊದಲ ದಿನವೇ ಹೇಳಬೇಕಿತ್ತು.

ಹೌದು ಎಂದೆ. ಹೇಳಿದ್ದರೆ ಆ ವಾರವೇ ಇನ್ನೊಂದು ಅವಕಾಶ ಕೊಡುತ್ತಿದ್ದರೋ ಏನೋ, ಅವರಿಗೆ ಆಗ ಕಣ್ಣು ಕಾಣುತ್ತಿತ್ತು.

ಬಯಲಿಗೆ ವಾಪಸು ಬಂದಾಗ ಸಾಯಬಣ್ಣ ವಿಮಾನವನ್ನು ಮನೆಗೆ ಒಯ್ಯಲು ಎತ್ತುತ್ತಿದ್ದ. ಅದರ ಮೂತಿ ನನ್ನ ಕಡೆಗಿತ್ತು. ಅವನು ನನ್ನ ಮುಖವನ್ನು ಒಂದು ಸಲ ನೆಟ್ಟಗೆ ನೋಡಿದ. ಹತ್ತು ತಿಂಗಳ ಮೇಲೆ ನೋಡಿದ್ದು.

"ಎಡಗೋಲು ಹಿಡೀರಿ," ಎಂದ.

ನಾನು ಬಲಗೈ ಚಾಚಿ ಕೆಂಪು ತುದಿಯನ್ನು ಹಿಡಿದೆ.